ಹದಿನೇಳನೇ ಸಾಲು

ಆ ವಾಲಿಬಾಲ್ ಕ್ಲಬ್ಬಿನ ಕೋಚ್‌ಗೆ ಹಾಳೆಯ ಮೇಲೆ ಹೆಸರು ಕಂಡರೆ ಆಗುತ್ತಿರಲಿಲ್ಲ. ಹಿಂದೊಮ್ಮೆ ಅವರು ಸ್ವಂತ ಸೋದರಳಿಯನನ್ನು ತಂಡಕ್ಕೆ ಹಾಕಿಕೊಂಡಿದ್ದರು. ಆಳು ನೋಡಲು ಚೆನ್ನಾಗಿದ್ದ, ಮಾತೂ ಚೆನ್ನಾಗಿತ್ತು; ಫೈನಲ್ ಪಂದ್ಯದ ದಿನ ಮಾತ್ರ ಕೈಗೆ ಬಂದ ಚೆಂಡನ್ನೆಲ್ಲ ಎದುರು ತಂಡಕ್ಕೆ ದಾನ ಮಾಡಿ ಬಂದ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಜನ ವರ್ಷಗಟ್ಟಲೆ ಆಡಿಕೊಂಡರು. ಆ ಉರಿಯಲ್ಲೇ ಕೋಚ್ ಒಂದು ನಿಯಮ ಮಾಡಿದರು: ತಂಡವನ್ನು ಆರಿಸುವಾಗ ಯಾರ ಹೆಸರೂ ತನಗೆ ಕಾಣಬಾರದು. ಬರೀ ನಂಬರು, ಬರೀ ಅಂಕ. ಯಾವ ನಂಬರು ಯಾರದ್ದೆಂದು ಹಾಳೆ ಬರೆಯುವವರಿಗೆ ಮಾತ್ರ ಗೊತ್ತಿರಬೇಕು, ಅದೂ ತಿಂಗಳಿಗೊಮ್ಮೆ ಬದಲಾಗಬೇಕು.

ಹಾಳೆ ಬರೆಯುವವಳು ಅಕ್ಕ. ಮನೆಯಲ್ಲಿ ಹಿರಿಯ ಮಗಳಾದ್ದರಿಂದ ಅಕ್ಕ. ಕ್ಲಬ್ಬಿನಲ್ಲಿ ಆರೂಕಾಲು ಅಡಿಯ ಗಂಡಸರಿಗೆಲ್ಲ ಹಾಳೆಯಕ್ಕ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದ್ದಳು. ಬಾಯಿ ಸುಟ್ಟುಕೊಳ್ಳದೆಯೇ ನೀರನ್ನೂ ಊದಿಕೊಂಡು ಕುಡಿಯುವ ಜಾತಿ. ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುವವಳು. ಇಂಥವಳಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿರಲಿಲ್ಲ: ದಿನವೆಲ್ಲ ಅಂಗಳದ ಅಂಚಿನಲ್ಲಿ ಕುಳಿತು, ಬಂದ ಪ್ರತಿಯೊಂದು ಚೆಂಡಿಗೂ ಒಂದು ಅಂಕ ಬರೆಯುವುದು. ಎದುರಾಳಿ ಹೊಡೆದ ಸರ್ವನ್ನು ಎತ್ತಿ, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್‌ನ ಕೈಗೆ ಹೂವಿನಂತೆ ಇಟ್ಟರೆ ಮೂರು. ಸೆಟ್ಟರ್ ಎರಡು ಹೆಜ್ಜೆ ಓಡಬೇಕಾದರೆ ಎರಡು. ಹೇಗೋ ಬದುಕಿಸಿದರೆ ಒಂದು. ಚೆಂಡು ನೆಲ ಮುಟ್ಟಿದರೆ ಸೊನ್ನೆ.

ಕ್ಲಬ್ಬಿನ ಆಟದ ಹಾಲ್‌ನಲ್ಲೇ ತಂಗಿಗೂ ಕೆಲಸ. ಅಕ್ಕನಿಗಿಂತ ಆರು ವರ್ಷ ಚಿಕ್ಕವಳು, ಒಂದು ಗೇಣು ಕುಳ್ಳಿ. ಮೊದಲು ಹೆಂಗಸರ ಲೀಗಿನಲ್ಲಿ ಎರಡು ವರ್ಷ ಆಡಿದ್ದಳು. ನೋಡುವವರಿಲ್ಲವೆಂದು ಆ ಲೀಗು ಮುಚ್ಚಿಹೋಯಿತು. ಆಟ ಬಿಟ್ಟರೂ ಚೆಂಡಿನ ವಾಸನೆ ಬಿಡಲಾರೆನೆಂದು ಸಾಮಾನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು: ನೆಟ್ಟು ಬಿಗಿಯುವುದು, ಚೆಂಡುಗಳಿಗೆ ಗಾಳಿ ತುಂಬುವುದು, ಬೆವರು ಬಿದ್ದ ಕಡೆ ಒರೆಸುವುದು. ಗಂಡಸರು ಸರ್ವ್ ಅಭ್ಯಾಸ ಮಾಡುವಾಗ ಚೆಂಡುಗಳು ಹಿಂದಿನ ಗೋಡೆಗೆ ಬಡಿದು ಮೂಲೆಮೂಲೆಗೆ ಓಡುತ್ತಿದ್ದವು. ಅವುಗಳ ಹಿಂದೆ ಓಡಿ ಸಾಕಾಗಿ, ಒಂದು ದಿನ ತಂಗಿ ತಾನೇ ಗೋಡೆಯ ಮುಂದೆ ನಿಂತಳು. ಬಂದ ಚೆಂಡನ್ನೆಲ್ಲ ಮುಂಗೈಯಲ್ಲಿ ಎತ್ತಿ, ನೆಟ್ಟಿನ ಬಳಿ ಇದ್ದ ಬುಟ್ಟಿಯ ಕಡೆಗೆ ಕಳಿಸಿದಳು. ಅಂದಿನಿಂದ ಅವಳ ಹೆಸರು ಗೋಡೆ. ದಿನಕ್ಕೆ ನೂರೈವತ್ತು ಸರ್ವು, ವಾರಕ್ಕೆ ಐದು ದಿನ, ಮೂರು ವರ್ಷ.

"ಗೋಡೆ ಮುಂದೆ ಗುಟ್ಟು ಮಾತಾಡ್ಬೇಡ್ರೋ, ಕಿವಿ ಇದೆ ಅದಕ್ಕೆ," ಎಂದು ಆಟಗಾರರು ನಗುತ್ತಿದ್ದರು.

"ಬಾಯೂ ಇದೆ," ಎನ್ನುತ್ತಿದ್ದಳು ತಂಗಿ. "ಸರ್ವ್ ಸರಿಯಾಗಿ ಹೊಡಿ, ಕೆಮ್ಮಿದ ಹಾಗೆ ಹೊಡೀಬೇಡ."

ಸರ್ವ್ ಎಷ್ಟು ಒಳ್ಳೆಯದೆಂದು ತಿಳಿಯಲು ಅದನ್ನು ಎತ್ತಿದವರ ಅವಸ್ಥೆ ನೋಡಬೇಕೆಂದು ಕೋಚ್ ಕಲಿಸಿದ್ದರು. ಹೀಗಾಗಿ ಅಕ್ಕ ಗೋಡೆಗೂ ಅಂಕ ಬರೆಯಬೇಕಾಯಿತು. ತಂಡದಲ್ಲಿ ಹದಿನಾರು ಜನ. ತಂಗಿಗೆ ಹದಿನೇಳನೇ ಸಾಲು. ತಿಂಗಳ ಕೊನೆಗೆ ಹಾಳೆ ಅಚ್ಚು ಮಾಡಿ, ಕತ್ತರಿ ತೆಗೆದುಕೊಂಡು, ಕೆಳಗಿನ ಆ ಒಂದು ಸಾಲನ್ನು ನೀಟಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ, ಉಳಿದದ್ದನ್ನು ಕೋಚ್ ಮೇಜಿನ ಮೇಲಿಡುವುದು ಅವಳ ಪದ್ಧತಿ. ಆ ಸಾಲಿನಲ್ಲಿ ಏನಿದೆಯೆಂದು ಯಾರಿಗೂ ಹೇಳಿರಲಿಲ್ಲ. ತಂಗಿಗೂ.

ಆ ತಿಂಗಳು ತಂಡದ ಲಿಬೆರೊನ ಮೊಣಕಾಲು ಕೈಕೊಟ್ಟಿತು. ಲಿಬೆರೊ ಎಂದರೆ ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲೇ ಆಡುವವನು. ಜಿಗಿದು ಹೊಡೆಯುವ ಹಾಗಿಲ್ಲ, ನೆಟ್ಟಿನ ಬಳಿ ತಡೆಯುವ ಹಾಗಿಲ್ಲ. ಬಂದದ್ದನ್ನು ನೆಲಕ್ಕೆ ಬೀಳಗೊಡದೆ ಎತ್ತುವುದೇ ಅವನ ಕೆಲಸ. ಹೊಸಬನನ್ನು ಬೇಗ ಆರಿಸಬೇಕಾದ್ದರಿಂದ ಕೋಚ್ ಹೇಳಿದರು: "ಹಾಳೆಯಕ್ಕ, ಈ ಸಲ ನಂಬರಿನ ಕ್ರಮ ಬೇಡ. ಎತ್ತೋದ್ರಲ್ಲಿ ಯಾರು ಮುಂದೆ ಇದ್ದಾರೋ ಅವರನ್ನ ಮೇಲೆ ಬರಿ, ಹಿಂದೆ ಇರೋರನ್ನ ಕೆಳಗೆ."

ಅಕ್ಕ ಹಾಗೇ ಬರೆದಳು. ಎರಡು ಸಲ ಕೂಡಿದಳು, ಮೂರನೇ ಸಲ ತಾಳೆ ನೋಡಿದಳು. ಅಚ್ಚು ಮಾಡಿದಳು. ಕತ್ತರಿ ತೆಗೆದುಕೊಂಡು, ಎಂದಿನಂತೆ ಕೆಳಗಿನ ಸಾಲನ್ನು ನೀಟಾಗಿ ಕತ್ತರಿಸಿದಳು.

ಬೆಳಿಗ್ಗೆ ಹದಿನಾರೂ ಜನ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದರು. ಕೋಚ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಹಾಳೆ ಓದಿದರು.

"ಲಿಬೆರೊ ಜಾಗಕ್ಕೆ ಯೋಚನೆ ಮಾಡೋ ಅಗತ್ಯನೇ ಇಲ್ಲ. ಎರಡನೆಯವನಿಗೂ ಮೊದಲನೆಯವನಿಗೂ ಅಜಗಜಾಂತರ. ಎರಡು ಪಾಯಿಂಟ್ ಮೂರು. ಇಷ್ಟು ಒಳ್ಳೆ ಕೈ ಇಟ್ಕೊಂಡು ಇಲ್ಲೀ ತನಕ ಯಾಕ್ರೀ ಬೆಂಚ್ ಬಿಸಿ ಮಾಡ್ತಿದ್ರಿ? ಏಳಿ. ಹದಿನೇಳು ಯಾರು?"

ಯಾರೂ ಏಳಲಿಲ್ಲ. ಯಾರ ನಂಬರು ಯಾವುದೆಂದು ಅವರಿಗೂ ಗೊತ್ತಿರಲಿಲ್ಲವಲ್ಲ. ಆದರೆ ಕ್ಯಾಪ್ಟನ್, ಅವನೇ ಸೆಟ್ಟರ್ ಕೂಡ, ಬೆರಳು ಮಡಿಸಿ ಎಣಿಸಿದ. "ಸಾರ್, ನಾವಿರೋದೇ ಹದಿನಾರು."

ಅಕ್ಕ ಕೋಚ್ ಕೈಯಲ್ಲಿದ್ದ ಹಾಳೆಯನ್ನು ಬಗ್ಗಿ ನೋಡಿದಳು. ತಂಗಿಯ ಸಾಲು ಈ ಸಲ ಕೆಳಗೆ ಇರಲಿಲ್ಲ. ಎಲ್ಲರಿಗಿಂತ ಮೇಲಿತ್ತು. ಕತ್ತರಿಗೆ ಸಿಕ್ಕವನು ಬೇರೆ ಯಾವನೋ ಪಾಪದವನು.

"ಸಾರ್, ತಪ್ಪಾಗಿದೆ," ಎಂದಳು.

"ಲೆಕ್ಕ ತಪ್ಪಿದ್ಯಾ?"

"ಲೆಕ್ಕ ತಪ್ಪಿಲ್ಲ."

"ಮತ್ತೆ?"

"ಹದಿನೇಳು ಅಂದ್ರೆ... ಗೋಡೆ, ಸಾರ್."

ನಗು ಎದ್ದದ್ದು ಹೇಗೆಂದರೆ, ಮೇಲಿನ ಕಿಟಕಿಗಳ ತಂತಿಜಾಲಿಯಲ್ಲಿ ಕುಳಿತಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಆಚೆ ಮೂಲೆಯಲ್ಲಿ ಪಂಪು ಒತ್ತುತ್ತಿದ್ದ ತಂಗಿ ತಲೆಯೆತ್ತಿ, "ಕರೆದ್ರಾ?" ಎಂದಳು. ನಗು ಇನ್ನಷ್ಟು ಏರಿತು.

ನಗದೆ ಇದ್ದವರು ಇಬ್ಬರು. ಒಬ್ಬರು ಕೋಚ್. ಇನ್ನೊಬ್ಬ, ತಂಡದ ಅತಿ ಎತ್ತರದ ಹೊಡೆತಗಾರ. ಎಲ್ಲರೂ ಅವನನ್ನು ಏಣಿ ಎಂದು ಕರೆಯುತ್ತಿದ್ದರು.

"ಅಕ್ಕ ಕೂತು ತಂಗಿಗೆ ಮಾರ್ಕ್ ಹಾಕಿದ್ರೆ ಇನ್ನೇನಾಗತ್ತೆ ಸಾರ್," ಎಂದ ಏಣಿ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಿ ಒಡಹುಟ್ಟಿದೋರಿಗೆ ಗೋಡೆ ಮುದ್ದು. ಬೇಜಾರ್ ಮಾಡ್ಕೋಬೇಡಿ ಹಾಳೆಯಕ್ಕ, ಆದ್ರೆ ಗಂಡಸರ ಲೀಗಲ್ಲಿ ಸರ್ವ್ ಗಂಟೆಗೆ ನೂರಹತ್ತು ಕಿಲೋಮೀಟರ್ ಬರತ್ತೆ. ಅದು ಯಾರ ತಂಗಿ ಅಂತ ಕೇಳಲ್ಲ."

ಆ ಮಾತು ಅಕ್ಕನಿಗೆ ನಾಟಿತು. ಬೇರೆಯವರು ಅಂದಿದ್ದಕ್ಕಲ್ಲ, ತನ್ನೊಳಗೇ ಮೂರು ವರ್ಷದಿಂದ ಕುಟುಕುತ್ತಿದ್ದ ಮಾತಾದ್ದರಿಂದ. ಎರಡಕ್ಕೂ ಮೂರಕ್ಕೂ ನಡುವೆ ಇರುವುದು ನೂಲಿನಷ್ಟು ಜಾಗ. ಅಲ್ಲಿ ಪೆನ್ಸಿಲ್ಲು ಪ್ರೀತಿಯ ಕಡೆಗೆ ವಾಲಿರಲಿಲ್ಲವೆಂದು ಯಾರು ಹೇಳಬೇಕು?

ಕೋಚ್ ಹಾಳೆಯನ್ನೂ ಪಂಪಿನ ಬಳಿ ನಿಂತವಳನ್ನೂ ಒಂದೆರಡು ಸಲ ನೋಡಿದರು. ಆ ಸೋದರಳಿಯನ ನೆನಪಾಗಿರಬೇಕು, ಮುಖ ಹುಳ್ಳಗಾಯಿತು.

"ಹಾಳೆ ಹೇಳಿದ್ದನ್ನ ನಾನು ಮೀರಲ್ಲ. ಹೆಸರು ನೋಡಲ್ಲ ಅಂದಮೇಲೆ ಗಂಡು ಹೆಣ್ಣು ಅಂತಾನೂ ನೋಡೋ ಹಾಗಿಲ್ಲ. ಆದ್ರೆ ಹಾಳೆ ಸರಿ ಇದ್ಯಾ ಅಂತ ನೋಡ್ಬೇಕು. ಹಾಳೆಯಕ್ಕ, ಅಭ್ಯಾಸದ ವಿಡಿಯೊ ಇದ್ಯಲ್ಲ, ಕ್ಯಾಪ್ಟನ್ ಜೊತೆ ಕೂತು ಇನ್ನೊಂದು ಸಲ ಅಂಕ ಹಾಕಿ. ನಾಳೆ ಮಧ್ಯಾಹ್ನದೊಳಗೆ."

ಸಾಮಾನು ಕೋಣೆಯಲ್ಲಿ, ಹಳೆಯ ನೆಟ್ಟುಗಳ ಪಕ್ಕ, ಇಬ್ಬರೂ ಎರಡು ಸ್ಟೂಲು ಹಾಕಿಕೊಂಡರು. ಕ್ಯಾಪ್ಟನ್‌ಗೆ ಮೊಣಕಾಲು ಇಡಲು ಜಾಗ ಸಾಲದೆ ಅಡ್ಡಡ್ಡ ಕುಳಿತ. ಅಕ್ಕ ವಿಡಿಯೊ ಹಾಕುವ ಮುಂಚೆ ಒಂದು ರಟ್ಟು ಕತ್ತರಿಸಿ, ಪರದೆಯಲ್ಲಿ ಅಂಗಳದ ಹಿಂಭಾಗ ಕಾಣುವ ಅರ್ಧಕ್ಕೆ ಟೇಪಿನಿಂದ ಅಂಟಿಸಿದಳು. ಈಗ ಚೆಂಡು ಎತ್ತುವವರು ಕಾಣುತ್ತಿರಲಿಲ್ಲ. ಸರ್ವ್ ರಟ್ಟಿನ ಹಿಂದೆ ಹೋಗಿ ಮಾಯವಾಗುತ್ತಿತ್ತು. ಒಂದು ಕ್ಷಣದ ಬಳಿಕ ಚೆಂಡು ಮಾತ್ರ ಈಚೆಗೆ ಬರುತ್ತಿತ್ತು. ಯಾರ ಕೈಯಿಂದ ಬಂತೆಂದು ಕಂಡುಹಿಡಿಯಲು ದಾರಿಯಿರಲಿಲ್ಲ. ಯಾವ ಚೆಂಡು ಯಾರದ್ದೆಂಬ ಪಟ್ಟಿಯನ್ನು ಅವಳು ಮೊದಲೇ ಲಕೋಟೆಯಲ್ಲಿ ಹಾಕಿ ಕ್ಯಾಪ್ಟನ್ ಜೇಬಿಗೆ ಕೊಟ್ಟಿದ್ದಳು.

"ನಿಮ್ಮ ತಲೇಲಿ ಏನೇನಿದ್ಯೋ ಅಕ್ಕಾ," ಎಂದ ಕ್ಯಾಪ್ಟನ್. "ಹೂಂ, ಹಾಕಿ."

ಎಲ್ಲರದ್ದೂ ಕಲೆಸಿ ಆರುನೂರು ಚೆಂಡು. ಇಬ್ಬರೂ ಬೇರೆಬೇರೆ ಕಾಗದದ ಮೇಲೆ ಬರೆದರು. ಕ್ಯಾಪ್ಟನ್ ದಿನವೂ ಆ ಚೆಂಡುಗಳನ್ನು ಬೆರಳ ತುದಿಯಲ್ಲಿ ಹಿಡಿದವನು. ಗಾಳಿಯಲ್ಲಿರುವಾಗಲೇ "ಬೆಣ್ಣೆ" ಎಂದೋ "ಇಟ್ಟಿಗೆ" ಎಂದೋ ಗೊಣಗಿ ಅಂಕ ಬರೆಯುತ್ತಿದ್ದ. ಕೊನೆಗೆ ಲಕೋಟೆ ಒಡೆದರು. ಅಕ್ಕ ಸಾಲುಸಾಲಾಗಿ ಕೂಡಿದಳು. ಹದಿನಾರು ಜನರ ಅಂಕ ಹಳೆಯ ಹಾಳೆಗೆ ಹೆಚ್ಚುಕಮ್ಮಿ ಸರಿಹೋಯಿತು. ಹದಿನೇಳನೆಯದು ಸರಿಹೋಗಲಿಲ್ಲ.

ಅವಳು ಮತ್ತೆ ಕೂಡಿದಳು. ಪೆನ್ಸಿಲ್ ಕೆಳಗಿಟ್ಟಳು.

"ಏನಾಯ್ತು? ಇಳೀತಾ?" ಎಂದ ಕ್ಯಾಪ್ಟನ್.

"ಏರಿದೆ."

ಎರಡು ಪಾಯಿಂಟ್ ಮೂರು ಇದ್ದದ್ದು ಎರಡು ಪಾಯಿಂಟ್ ಐದು ಆಗಿತ್ತು. ಕ್ಯಾಪ್ಟನ್ ಅಂಕವೂ ಅದೇ. ತಂಗಿಯ ಇನ್ನೂರು ಚೆಂಡುಗಳಲ್ಲಿ ನಲವತ್ತಕ್ಕೆ, ಮೂರು ಕೊಡಬೇಕಾದ ಕಡೆ, ಅಕ್ಕ ಎರಡು ಕೊಟ್ಟಿದ್ದಳು. ಯಾರಾದರೂ ಏನಾದರೂ ಅಂದಾರು ಎಂಬ ಭಯಕ್ಕೆ, ಯಾರೂ ನೋಡದ ಸಾಲಿನಲ್ಲಿ, ಮುಂದೆ ಕತ್ತರಿಸಿ ಬಿಸಾಡುವ ಸಾಲಿನಲ್ಲಿ ಕೂಡ, ಪೆನ್ಸಿಲ್ಲನ್ನು ಆಚೆಗೆ ವಾಲಿಸಿದ್ದಳು.

ಕ್ಯಾಪ್ಟನ್ ಕಾಗದ ನೋಡಿದ, ಅವಳ ಮುಖ ನೋಡಿದ, ತೊಡೆ ತಟ್ಟಿಕೊಂಡು ನಕ್ಕ. "ಹಾಳೆಯಕ್ಕಾ! ಏಣಿ ನಿಮ್ಮನ್ನ ಹೆತ್ತವ್ವ ಅಂದ. ನೀವು ನೋಡಿದ್ರೆ ಮಲತಾಯಿ!"

ಅಕ್ಕನಿಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ತಂಗಿಗೆ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಅಮ್ಮ ತರಕಾರಿ ಹೆಚ್ಚುತ್ತಿದ್ದಳು, ತಂಗಿ ಕಟ್ಟೆಯ ಮೇಲೆ ಕುಳಿತು ಕಾಲು ಆಡಿಸುತ್ತಿದ್ದಳು. ಅಕ್ಕ ಎಲ್ಲವನ್ನೂ ಹೇಳಿದಳು: ಹದಿನೇಳನೇ ಸಾಲು, ಕತ್ತರಿ, ನಲವತ್ತು ಚೆಂಡು. ತಂಗಿಯ ಕಾಲು ನಿಂತಿತು.

"ಮೂರು ವರ್ಷ ನನ್ನ ಸಾಲು ಕತ್ತರಿಸಿ ಬಿಸಾಕಿದ್ಯಾ?"

"ಹೂಂ."

"ಮೇಲೆ ಇದೀನಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ನಿಂಗೆ ಆಸೆ ಹುಟ್ಟತ್ತೆ ಅಂತ..."

"ಹುಟ್ಟಿದ್ರೆ ಏನಾಗ್ತಿತ್ತು?"

"ನೋವಾಗ್ತಿತ್ತು ಕಣೇ."

ತಂಗಿ ಎರಡೂ ತೋಳನ್ನು ಮುಂದೆ ಚಾಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಕೆಂಪು ಹತ್ತಿ ಚುಕ್ಕೆ ಚುಕ್ಕೆಯಾಗಿತ್ತು. "ದಿನಾ ನೂರೈವತ್ತು ತಿಂತೀನಿ. ನೋವು ನಂಗೆ ಹೊಸ ನೆಂಟ ಅಲ್ಲ. ನೀನು ಬಾಗಿಲಲ್ಲಿ ನಿಂತು ಅದನ್ನ ತಡೀಬೇಕಾಗಿರ್ಲಿಲ್ಲ."

ಅಮ್ಮ ಚಾಕು ಕೆಳಗಿಟ್ಟಳು.

"ಜಗಳ ಆಮೇಲೆ ಆಡ್ಕೊಳ್ಳಿ, ನಂಗೊಂದು ಹೇಳಿ. ಆ ಆಳುಗಳ ನಡುವೆ ಇವಳು ನಿಂತ್ರೆ ಮರಗಳ ಮಧ್ಯೆ ಅಣಬೆ ನಿಂತ ಹಾಗೆ ಕಾಣ್ತಾಳೆ. ಆಡೋಕಾಗತ್ತಾ?"

"ನೆಟ್ ಹತ್ರ ಆಗಲ್ಲಮ್ಮ," ಎಂದಳು ತಂಗಿ ತಟ್ಟನೆ. "ಅಲ್ಲಿ ಅವರ ಮೊಣಕೈ ನನ್ನ ತಲೆ ಮೇಲಿರತ್ತೆ. ಅವರ ಹಾಗೆ ಹೊಡಿ ಅಂದ್ರೆ ಈ ಜನ್ಮದಲ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನನ್ನ ಕೆಲಸ ಆಕಾಶದಲ್ಲಿಲ್ಲ, ನೆಲದ ಮೇಲಿದೆ. ನೆಲಕ್ಕೆ ಎಲ್ಲರಿಗಿಂತ ಹತ್ರ ಇರೋಳು ನಾನೇ."

"ಹಾಗಾದ್ರೆ ಸರಿ," ಎಂದು ಅಮ್ಮ ಮತ್ತೆ ಚಾಕು ಹಿಡಿದಳು. ಆಮೇಲೆ ಹಿರಿಯಳ ಕಡೆ ತಿರುಗಿ, "ನೀನು ಅವಳು ನಡಿಯೋಕೆ ಕಲಿಯುವಾಗ್ಲೂ ಹೀಗೇ. ಹಿಂದಿನಿಂದ ಅಂಗಿ ಹಿಡ್ಕೊಂಡೇ ಇರ್ತಿದ್ದೆ. ಮಗು ಎರಡು ತಿಂಗಳು ತಡವಾಗಿ ನಡೀತು."

ತಂಗಿ ಕಟ್ಟೆಯಿಂದ ಹಾರಿ, ಅಕ್ಕನ ತಲೆಗೊಂದು ಮೊಟಕಿ, ನಕ್ಕುಬಿಟ್ಟಳು. ಆದರೂ ಮಲಗುವವರೆಗೆ ಗಳಿಗೆಗೊಮ್ಮೆ "ನಲವತ್ತು!" ಎನ್ನುತ್ತಿದ್ದಳು.

ಹೊಸ ಅಂಕ ನೋಡಿದ ಕೋಚ್, ಗಂಡಸರ ತಂಡದಲ್ಲಿ ಹೆಣ್ಣು ಆಡಬಹುದೇ ಎಂದು ಕೇಳಲು ಲೀಗಿನ ಕಚೇರಿಗೆ ಎಲ್ಲರ ಮುಂದೆಯೇ ಫೋನು ಮಾಡಿದರು. ಆ ಕಡೆಯ ಅಧಿಕಾರಿ ಬಹಳ ಹೊತ್ತು ಕಾಗದ ತಿರುವುವ ಸದ್ದು ಕೇಳಿಸಿತು.

"ನೆಟ್ ಇಳಿಸೋಕಾಗಲ್ಲ ನೋಡಿ," ಎಂದರು ಅಧಿಕಾರಿ.

"ಇಳಿಸಿ ಅಂತ ಯಾರು ಕೇಳಿದ್ರು?"

"ಮೆಲ್ಲಗೆ ಸರ್ವ್ ಮಾಡಿ ಅಂತ ಎದುರು ತಂಡಕ್ಕೆ ಹೇಳೋಕಾಗಲ್ಲ."

"ಹೇಳಿದ್ರೆ ಅವಳು ನಿಮ್ಮ ಕಚೇರಿಗೆ ಬಂದು ಜಗಳ ಆಡ್ತಾಳೆ."

ಕೊನೆಗೆ ತೀರ್ಮಾನವಾಯಿತು. ವೈದ್ಯರ ಪತ್ರ ತರಲಿ, ಒಂದೇ ಒಂದು ಪಂದ್ಯ ಆಡಲಿ. ಲೀಗಿನ ಕಡೆಯಿಂದ ಒಬ್ಬರು ಬಂದು ನೋಡುತ್ತಾರೆ. ಆಟ ನಗೆಪಾಟಲಾದರೆ ಈ ಮಾತು ಅಲ್ಲಿಗೇ ಮುಗಿಯಿತು, ಇವಳಿಗೂ, ಇವಳ ಹಿಂದೆ ಬರುವವರಿಗೂ.

ಏಣಿ ಆ ವಾರವೆಲ್ಲ ಅವಳಿಗೇ ಗುರಿಯಿಟ್ಟು ಸರ್ವ್ ಹೊಡೆದ. ಅವಳು ಎತ್ತುತ್ತಲೇ ಇದ್ದಳು. ಗುರುವಾರ ಅವನು ಬೆವರು ಒರೆಸಿಕೊಂಡು ಒಪ್ಪಿದ: "ನಂದು ನಿಂಗೆ ಬಾಯಿಪಾಠ ಆಗಿದೆ. ಮೂರು ವರ್ಷದಿಂದ ನೋಡಿದೀಯ. ಫಿರಂಗಿದು ನೋಡಿಲ್ಲ."

ಫಿರಂಗಿ ಎದುರು ತಂಡದವನು. ಲೀಗಿನಲ್ಲೇ ಬಿರುಸಾದ ಸರ್ವ್ ಅವನದು.

ಶನಿವಾರ ಮಧ್ಯಾಹ್ನ ದೊಡ್ಡ ಕ್ರೀಡಾಂಗಣ ತುಂಬಿತ್ತು. ಕೆಲವರು ಆಟ ನೋಡಲು ಬಂದಿದ್ದರು, ಬಹಳಷ್ಟು ಜನ ಅವಳನ್ನು ನೋಡಲು. ಲಿಬೆರೊನ ಹಳದಿ ಅಂಗಿ ಅವಳಿಗೆ ತೊಡೆಯವರೆಗೆ ಬಂದಿತ್ತು; ಅಮ್ಮ ಮೂರು ಇಂಚು ಮಡಿಸಿ ಹೊಲಿದು ಕೊಟ್ಟಿದ್ದಳು. ಅಕ್ಕ ಅಂಗಳದ ಅಂಚಿನ ಮೇಜಿಗೆ ಕುಳಿತು ನಾಲ್ಕು ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಳು. ಅವಳ ಪಕ್ಕದ ಕುರ್ಚಿಯಲ್ಲೇ ಲೀಗಿನ ಕಡೆಯವರು, ಬೂದು ಕೋಟಿನ ಹೆಂಗಸು, ಮುಖದಲ್ಲಿ ಏನೂ ತೋರದೆ ಕುಳಿತಿದ್ದರು.

ಫಿರಂಗಿ ಎಂಟು ಹೆಜ್ಜೆ ಹಿಂದೆ ಹೋದ, ಓಡಿ ಬಂದ, ಜಿಗಿದ. ಸದ್ದು ಮಾತ್ರ ಕೇಳಿಸಿತು. ತಂಗಿಯ ತೋಳಿಗೆ ತಗಲಿದ ಚೆಂಡು ಮೂರನೇ ಸಾಲಿನ ಪ್ರೇಕ್ಷಕರ ನಡುವೆ ಬಿತ್ತು. ಸೊನ್ನೆ. ಎರಡನೆಯದು ಅವಳ ಎದೆಯ ಮುಂದೆಯೇ ನೆಲ ಮುಟ್ಟಿತು. ಸೊನ್ನೆ. ಮೂರನೆಯದು ಹೇಗೋ ಬದುಕಿತು. ನಾಲ್ಕನೆಯದು ಮತ್ತೆ ಮುಂದೆ ಬಿತ್ತು. ಸೊನ್ನೆ.

"ಗೋಡೆ ಬಿತ್ತು!" ಎಂದು ಮೇಲಿನಿಂದ ಯಾರೋ ಕೂಗಿದರು. "ಸಿಮೆಂಟ್ ಕಮ್ಮಿ ಹಾಕಿದಾರೆ!"

ಏಣಿ ಅವಳ ಕಡೆಗೆ ಸರಿದ. "ನಾನು ಸ್ವಲ್ಪ ಈ ಕಡೆ ಬರ್ಲಾ?"

"ನಿನ್ನ ಜಾಗದಲ್ಲಿ ನಿಲ್ಲು. ನನ್ನ ಜಾಗ ನಂಗಿರ್ಲಿ."

ಮೊದಲ ಸೆಟ್ಟು ಕೈಬಿಟ್ಟು ಹೋಯಿತು. ಅಕ್ಕ ಬರೆಯುತ್ತಲೇ ಇದ್ದಳು. ಹಾಳೆಯ ಮೇಲೆ ಸೊನ್ನೆಗಳು ಮೊಟ್ಟೆಗಳ ಹಾಗೆ ಸಾಲುಗಟ್ಟುತ್ತಿದ್ದವು. ಇದೇ, ಇದನ್ನೇ ತಾನು ತಡೆಯಬೇಕೆಂದಿದ್ದದ್ದು, ಎಂದುಕೊಂಡಳು. ಎಲ್ಲವನ್ನೂ ಬಿಟ್ಟು ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕೆನಿಸಿತು. ಆದರೆ ಕಣ್ಣಿಗೆ ತನ್ನದೇ ಅಭ್ಯಾಸ. ಮನಸ್ಸು ಅಳುತ್ತಿದ್ದರೂ ಅದು ನೋಡುವುದನ್ನು ನಿಲ್ಲಿಸಲಿಲ್ಲ. ಚೆಂಡುಗಳು ತಂಗಿಯ ಎಡಕ್ಕೆ ಬೀಳುತ್ತಿಲ್ಲ, ಬಲಕ್ಕೆ ಬೀಳುತ್ತಿಲ್ಲ. ಎಲ್ಲವೂ ಮುಂದೆ. ಒಂದೇ ಒಂದು ಹೆಜ್ಜೆ ಮುಂದೆ. ಯಾಕೆ? ಚೆಂಡು ಬಿಟ್ಟು ಅವಳ ಪಾದ ನೋಡಿದಳು. ದಿನವೂ ನಿಲ್ಲುವ ಜಾಗದಲ್ಲಿ ತಂಗಿ ನಿಂತಿರಲಿಲ್ಲ.

ಅವರ ಸಣ್ಣ ಹಾಲ್‌ನಲ್ಲಿ ಅಂಗಳದ ಗೆರೆಯಿಂದ ಮೂರೇ ಹೆಜ್ಜೆಗೆ ಗೋಡೆ. ತಂಗಿ ಗೆರೆ ನೋಡಿ ನಿಲ್ಲುತ್ತಿರಲಿಲ್ಲ. ಬೆನ್ನಿಗೆ ಗೋಡೆ ಎಷ್ಟು ಹತ್ತಿರ ಅನ್ನಿಸುತ್ತದೋ ಅದರ ಅಂದಾಜಿನ ಮೇಲೆ ನಿಲ್ಲುತ್ತಿದ್ದಳು. ಇಲ್ಲಿ ಹಿಂದೆ ಗೋಡೆಯೇ ಇಲ್ಲ. ಬರೀ ಖಾಲಿ ಜಾಗ. ಅರಿವಿಲ್ಲದೆಯೇ ಬೆನ್ನು ಆ ಗೋಡೆಯನ್ನು ಹುಡುಕಿಕೊಂಡು ಹಿಂದೆ ಹಿಂದೆ ಹೋಗುತ್ತಿತ್ತು.

ಹಾಳೆ ಬರೆಯುವವರು ಆಟದ ನಡುವೆ ಮಾತಾಡುವ ಪದ್ಧತಿ ಇರಲಿಲ್ಲ. ಹನ್ನೊಂದು ವರ್ಷದ ಕೆಲಸದಲ್ಲಿ ಅಕ್ಕ ಆ ಮೇಜಿನಿಂದ ಒಂದು ಸಲವೂ ದನಿ ಎತ್ತಿರಲಿಲ್ಲ. ಎರಡನೇ ಸೆಟ್ಟಿನಲ್ಲಿ ಫಿರಂಗಿ ಚೆಂಡು ಹಿಡಿದು ಹಿಂದೆ ನಡೆಯುತ್ತಿದ್ದ. ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಮುಂದೆ ಬಾರೇ!" ಎಂದು ಕೂಗಿದಳು. "ಹಿಂದೆ ಗೋಡೆ ಇಲ್ಲ ಕಣೇ! ಒಂದು ಹೆಜ್ಜೆ ಮುಂದೆ ಬಾ!"

ಕ್ರೀಡಾಂಗಣವೆಲ್ಲ ತಿರುಗಿ ನೋಡಿತು. ಬೂದು ಕೋಟಿನವರು ಹುಬ್ಬೇರಿಸಿದರು. ತಂಗಿ ಹಿಂದೆ ತಿರುಗಿ ಖಾಲಿ ಜಾಗ ನೋಡಿದಳು, ತನ್ನ ಪಾದ ನೋಡಿದಳು, ಹಣೆ ಚಚ್ಚಿಕೊಂಡಳು. ಒಂದು ಹೆಜ್ಜೆ ಮುಂದೆ ಬಂದಳು. ಮೇಲೆ ಇನ್ನರ್ಧ ಹೆಜ್ಜೆ, ತನ್ನ ಲೆಕ್ಕದ್ದು.

ಫಿರಂಗಿ ಜಿಗಿದ. ಚೆಂಡು ಬಂತು. ಅವಳ ತೋಳು ಅದನ್ನು ಹೊಡೆಯಲಿಲ್ಲ, ಸುಮ್ಮನೆ ಬರಮಾಡಿಕೊಂಡಿತು. ಅಷ್ಟು ವೇಗವೆಲ್ಲ ಎಲ್ಲಿಗೆ ಹೋಯಿತೋ, ಚೆಂಡು ಮೆಲ್ಲಗೆ ಮೇಲೇರಿ, ತಿರುಗುವುದನ್ನೂ ಮರೆತು, ಕ್ಯಾಪ್ಟನ್‌ನ ಬೆರಳಿಗೆ ಇಳಿಯಿತು.

"ಬೆಣ್ಣೆ!" ಎಂದು ಕ್ಯಾಪ್ಟನ್ ಕಿರುಚಿ ಎತ್ತಿಕೊಟ್ಟ. ಏಣಿ ಹೊಡೆದ ಹೊಡೆತಕ್ಕೆ ಎದುರಿನವರು ಕೈ ಎತ್ತಲೂ ಪುರಸೊತ್ತಾಗಲಿಲ್ಲ.

ಆಮೇಲೆ ನಡೆದದ್ದು ಆಟ. ನಗೆಪಾಟಲು ಆಗಲಿಲ್ಲ, ಪವಾಡವೂ ಆಗಲಿಲ್ಲ. ಫಿರಂಗಿ ಎರಡು ಸಲ ಅವಳನ್ನು ಮತ್ತೆ ಕೆಡವಿದ, ಒಮ್ಮೆ ಅವಳು ಪೂರ್ತಿ ಮಗುಚಿ ಬಿದ್ದು, ಅಂಗಾತ ಮಲಗಿಯೇ "ಚೆನ್ನಾಗಿತ್ತು!" ಎಂದು ಹೆಬ್ಬೆರಳು ತೋರಿಸಿದಳು. ಅವನು ನಗಬಾರದೆಂದುಕೊಂಡು ನಕ್ಕ. ಇನ್ನೊಮ್ಮೆ ಏಣಿಯದ್ದಾಗಬೇಕಿದ್ದ ಚೆಂಡನ್ನು ಅವನ ಕಾಲುಗಳ ಮಧ್ಯದಿಂದ ಕೈಚಾಚಿ ಎತ್ತಿದಳು. ಏಣಿಗೆ ಚೆಂಡು ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. ನಾಲ್ಕನೇ ಸೆಟ್ಟಿನ ಹೊತ್ತಿಗೆ ಸಿಮೆಂಟ್ ಕಮ್ಮಿ ಎಂದಿದ್ದ ದನಿಯೇ "ಗೋಡೆ! ಗೋಡೆ!" ಎಂದು ಗಂಟಲು ಹರಿದುಕೊಳ್ಳುತ್ತಿತ್ತು. ಐದನೇ ಸೆಟ್ಟು ಹದಿನೈದು–ಹದಿಮೂರರಲ್ಲಿ ಇವರ ಕಡೆ ಬಿತ್ತು. ಅಕ್ಕನ ಬಿದ್ದ ಕುರ್ಚಿ ಬಿದ್ದೇ ಇತ್ತು; ಉಳಿದ ಪಂದ್ಯವನ್ನೆಲ್ಲ ಅವಳು ನಿಂತೇ ಬರೆದಿದ್ದಳು.

ಬೂದು ಕೋಟಿನವರು ಎದ್ದು ಕೋಚ್ ಬಳಿ ಹೋದರು. "ಮುಂದಿನ ಪಂದ್ಯಕ್ಕೂ ಹೆಸರು ಕಳಿಸಿ. ಸೀಸನ್ ಪೂರ್ತಿಗೆ ಕಳಿಸಿ. ಪ್ರತಿಸಲ ನಾನು ಬರೋಕಾಗಲ್ಲ." ಎರಡು ಹೆಜ್ಜೆ ಹೋಗಿ ತಿರುಗಿದರು. "ಬರೋಕಾಗತ್ತೆ. ಆದ್ರೆ ನೋಡೋಕೆ ಬರ್ತೀನಿ, ಪರೀಕ್ಷೆ ಮಾಡೋಕಲ್ಲ."

"ಹೆಸರು ನಂಗೊತ್ತಿಲ್ಲ," ಎಂದರು ಕೋಚ್ ಬಿಗುವಾಗಿ. "ಹಾಳೆಯಕ್ಕನ್ನ ಕೇಳಿ." ಆಮೇಲೆ ತಡೆಯಲಾರದೆ ಆ ಹೆಂಗಸಿನ ಎರಡೂ ಕೈ ಹಿಡಿದು ಕುಲುಕಿದರು.

ಫಿರಂಗಿ ನೆಟ್ಟಿನ ಕೆಳಗೆ ಬಗ್ಗಿ ಈಚೆ ಬಂದ. ತಂಗಿಯ ಮುಂದೆ ನಿಂತು, ಬಹಳ ಮರ್ಯಾದೆಯಿಂದ ಕೇಳಿದ: "ಸೋಮವಾರ ನಮ್ಮ ಅಭ್ಯಾಸಕ್ಕೆ ಬರ್ತೀರಾ? ಆ ಎರಡನೇ ಸೆಟ್ಟಲ್ಲಿ ನನ್ನ ಸರ್ವ್ ಏನಾಯ್ತು ಅಂತ ನಂಗೆ ಗೊತ್ತಾಗ್ಬೇಕು."

ತಂಗಿ ಬಾಯಿ ತೆರೆಯುವ ಮುಂಚೆ ಏಣಿ ನಡುವೆ ಬಂದು ನಿಂತ. "ಹೋಗಯ್ಯಾ. ನಮ್ಮ ಗೋಡೆ ಬಾಡಿಗೆಗಿಲ್ಲ."

ಬಸ್ ನಿಲ್ದಾಣದಲ್ಲಿ ಸಂಜೆಯ ಬಿಸಿಲು ಇನ್ನೂ ಬೆಂಚಿನ ಮೇಲಿತ್ತು. ತಂಗಿ ಎರಡೂ ತೋಳಿನ ಮೇಲೆ ಐಸ್ ಚೀಲ ಇಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಛತ್ರಿ ಹಿಡಿದ ಅಜ್ಜಿಯೊಬ್ಬರು ಬಸ್ಸಿಗೆ ಕಾಯುತ್ತಿದ್ದರು.

"ಎಷ್ಟು ಬಂತು? ಸತ್ಯ ಹೇಳು."

"ಎರಡು. ಸರಿಯಾಗಿ ಎರಡು," ಎಂದಳು ಅಕ್ಕ. "ಮಲತಾಯಿ ಲೆಕ್ಕ ಅಲ್ಲ. ಕ್ಯಾಪ್ಟನ್‌ಗೂ ತೋರಿಸಿದೆ."

"ಅಷ್ಟೇನಾ?"

"ಮೊದಲನೇ ಸೆಟ್ ಬಿಟ್ರೆ ಎರಡು ಪಾಯಿಂಟ್ ನಾಲ್ಕು. ಆದ್ರೆ ಬಿಡೋ ಹಾಗಿಲ್ಲ."

"ಬಿಡ್ಬೇಡ." ತಂಗಿ ಐಸ್ ಚೀಲ ಪಕ್ಕಕ್ಕಿಟ್ಟಳು. "ಫಿರಂಗಿಯ ಆ ಕೊನೇ ಸರ್ವ್ ನಂಗೆ ಹೇಗೆ ತಪ್ಪಿತು ಅಂತ ಅರ್ಥ ಆಗ್ತಿಲ್ಲ. ಭುಜ ಸರಿ ಇತ್ತು."

"ಭುಜ ಅಲ್ಲ. ಹೊಡೆಯೋ ಮುಂಚೆ ಅವನು ಚೆಂಡನ್ನ ಎಡಗಡೆ ಎಸೆದಿದ್ದ."

"ಎಷ್ಟು ಎಡಗಡೆ?"

"ಹೀಗೆ," ಎಂದು ಅಕ್ಕ ಕೈಯಲ್ಲಿ ತೋರಿಸಿದಳು. ತಂಗಿಗೆ ತೃಪ್ತಿಯಾಗಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಸ್ವೆಟರ್ ಬಿಚ್ಚಿ ಉಂಡೆ ಮಾಡಿ, ತೋಳುಗಳಿಂದಲೇ ಗಂಟು ಹಾಕಿ, ಅಕ್ಕನ ಕೈಗಿತ್ತಳು. "ನೀನು ಫಿರಂಗಿ. ಅಲ್ಲಿ ಕಂಬದ ಹತ್ರ ನಿಲ್ಲು. ಅಜ್ಜೀ, ಒಂದು ಉಪಕಾರ, ಇಲ್ಲಿ ನಿಂತ್ಕೋತೀರಾ? ನೀವು ಸೆಟ್ಟರ್."

"ಏನಮ್ಮಾ ಹಾಗಂದ್ರೆ?" ಎಂದರು ಅಜ್ಜಿ, ಆಗಲೇ ಎದ್ದು ನಿಂತು.

"ಅದು ನಿಮ್ಮ ಹತ್ರ ಬಂದ್ರೆ ಹಿಡ್ಕೊಳ್ಳಿ, ಅಷ್ಟೇ."

ಅಕ್ಕ ಜೀವಮಾನದಲ್ಲಿ ಒಂದು ಚೆಂಡನ್ನೂ ಹೊಡೆದವಳಲ್ಲ. ರಸ್ತೆಯ ಎರಡೂ ಕಡೆ ನೋಡಿದಳು. ನಾಲ್ಕು ಹೆಜ್ಜೆ ಹಿಂದೆ ಹೋದಳು, ಓಡಿ ಬಂದಳು, ಮೂರು ಇಂಚು ಜಿಗಿದಳು, ಉಂಡೆಯನ್ನು ಎಡಗಡೆಗೆ ಎಸೆದು ಬೀಸಿ ಹೊಡೆದಳು. ಅದು ಕಂಬಕ್ಕೆ ತಾಗಿ ಚರಂಡಿಯ ಅಂಚಿಗೆ ಬಿತ್ತು.

"ಥೂ ನಿನ್ನ!" ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎರಡನೇ ಸಲ ಗಾಳಿಯಲ್ಲಿ ಗಂಟು ಬಿಚ್ಚಿ ಸ್ವೆಟರು ಹಕ್ಕಿಯ ಹಾಗೆ ರೆಕ್ಕೆ ಬಿಚ್ಚಿತು. ಮೂರನೇ ಸಲ ಬಿಗಿಯಾಗಿ ಕಟ್ಟಿದರು. ಅಕ್ಕ ಹೊಡೆದಳು, ತಂಗಿ ಎಡಕ್ಕೆ ಜಾರಿ ಎತ್ತಿದಳು, ಅಜ್ಜಿ ಛತ್ರಿ ಕಂಕುಳಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಹಿಡಿದು, "ಸಿಕ್ತು! ನಂಗೆ ಸಿಕ್ತು!" ಎಂದರು.

ಬಸ್ಸು ಬಂದ ಸದ್ದೇ ಯಾರಿಗೂ ಕೇಳಿಸಿರಲಿಲ್ಲ. ಬಾಗಿಲು ತೆರೆದುಕೊಂಡು ನಿಂತಿತ್ತು. ಚಾಲಕ ಸ್ಟಿಯರಿಂಗ್ ಮೇಲೆ ಮೊಣಕೈ ಊರಿ ನೋಡುತ್ತಿದ್ದ.

"ಏನ್ರೀ, ಹತ್ತೀರೋ ಹೇಗೆ?" ಎಂದ.

ಅಕ್ಕ ಕೂದಲು ಹಿಂದಕ್ಕೆ ತಳ್ಳಿ, ಮತ್ತೆ ಕಂಬದ ಬಳಿಗೆ ಹೋಗಿ ನಿಂತಿದ್ದಳು. "ಒಂದು ನಿಮಿಷ ಸ್ವಾಮಿ," ಎಂದಳು. "ಇನ್ನೊಂದೇ ಒಂದು ಸಲ."